ಮುರುಗೇಶಪ್ಪ ಮೇಷ್ಟರ ಭೀಮರಾಜ

ವಸ್ತುಪಾಠಕ್ಕೆ ವಸ್ತುವೇ ಎದುರಿಗಿರಬೇಕು, ಚಿತ್ರ ತೋರಿಸಿ ಸಾಗಹಾಕುವಂತಿಲ್ಲ ಎಂದು ಇನ್ಸ್‌ಪೆಕ್ಟರು ಕಾಗದ ಬರೆದದ್ದೇ ಎಲ್ಲಕ್ಕೂ ಮೂಲ. ಮಾಡದಕೆರೆಯಾಚೆಯ ಹಳ್ಳಿಯಲ್ಲಿ ಏಳು ವರ್ಷದಿಂದ ಹಂಗಾಮಿಯಾಗಿಯೇ ಕೊಳೆಯುತ್ತಿದ್ದ ಮುರುಗೇಶಪ್ಪ ಮೇಷ್ಟರಿಗೆ ಈ ಪಾಠ ಗೆದ್ದರೆ ಕೆಲಸ ಖಾಯಂ, ಸೋತರೆ ಮನೆ. ಪಾಠದ ವಿಷಯ, ಕಾಡಿನ ಹಾಡುಹಕ್ಕಿ ಭೀಮರಾಜ.

ಕುರಿ ಕಾಯುವ ಕಾಟಯ್ಯ ಗುಡ್ಡದಲ್ಲಿ ಕೊಂಬೆಗೆ ಅಂಟು ಬಳಿದು ಒಂದನ್ನು ಹಿಡಿದು ತಂದುಕೊಟ್ಟ. "ಇದಕ್ಕೆ ಹುಳ, ಮಿಡತೆ ಹಾಕ್ರಿ ಮೇಷ್ಟ್ರೇ. ಬ್ಯಾರೆ ಮುಟ್ಟಲ್ಲ" ಎಂದು ಹೇಳಿಯೂ ಹೇಳಿದ.

ಆದರೆ ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮ ಇದ್ದರಲ್ಲ. "ಲಿಂಗಪೂಜೆ ಮಾಡೋ ಮನ್ಯಾಗೆ ಜೀವ ಕೊಂದು ಹಾಕ್ತೀರೇನ್ರಿ? ಇಲ್ಲಿದ್ದಷ್ಟು ದಿನ ಅದೂ ನಮ್ಮಂಗೇ ಇರ್ಲಿ" ಎಂದು ಹಾಲನ್ನ ಇಟ್ಟರು. ಪಕ್ಕದ ಮನೆಯ ಪಾರ್ವತಮ್ಮ ಮಠದ ಪ್ರಸಾದ ತಂದು, ಹಕ್ಕಿಯ ನೆತ್ತಿಗೆ ಒಂದಿಷ್ಟು ವಿಭೂತಿಯನ್ನೂ ಹಚ್ಚಿಹೋದರು. ಸೋಮವಾರದ ಉಪವಾಸವೂ ಅದಕ್ಕೆ ತಪ್ಪಲಿಲ್ಲ. ಮಂಗಳವಾರ ಬೆಳಗ್ಗೆ ಇನ್ಸ್‌ಪೆಕ್ಟರ ಗಾಡಿ ಊರಬಾಗಿಲಿಗೆ ಬರುವ ಹೊತ್ತಿಗೆ ಭೀಮರಾಜ ಕಾಲು ಮೇಲೆ ಮಾಡಿಕೊಂಡು ಶಿವನ ಪಾದ ಸೇರಿತ್ತು.

ಮೇಷ್ಟರಿಗೆ ಪಾಪ ಎನಿಸಿತು. ಅದಕ್ಕಿಂತ ಹೆಚ್ಚು ಭಯವಾಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

"ದಾರ ತರ್ರಿ" ಎಂದ ಸುದ್ದಿ ಕೇಳಿ ಓಡಿಬಂದ ಕಾಟಯ್ಯ. "ಪಂಜರದ ಕಡ್ಡಿಗೆ ಕಟ್ಟಿ ಕುಂಡ್ರಿಸಾಣ. ನಾನು ಗ್ವಾಡೆ ಹಿಂದೆ ಕುಂತು ಕೂಗ್ತೀನಿ."

ಪಾಠ ಶುರುವಾಯಿತು. "ಮಕ್ಕಳೇ, ಭೀಮರಾಜನ ಮೈಯೆಲ್ಲ ಮಿರುಗುವ ಕಪ್ಪು. ಬಾಲದ ಎರಡು ಅಂಚಿನಿಂದ ತಂತಿಯಂಥ ಕಡ್ಡಿ ಹೊರಟು, ಅದರ ತುದಿಗೆ ಒಂದೊಂದು ಗರಿ ಇದೆ ನೋಡಿ. ಕಾಡಿನ ಬೇರೆ ಹಕ್ಕಿಗಳ ದನಿ ಕಲಿತು ಇದು ಹಾಗೇ ಕೂಗುತ್ತದೆ."

"ಏನು ತಿನ್ನುತ್ತದೆ?" ಇನ್ಸ್‌ಪೆಕ್ಟರು ಕೇಳಿದರು.

"ಹುಳ ಸ್ವಾಮಿ" ಎಂದರು ಮೇಷ್ಟರು.

ಗೋಡೆಯಾಚೆ ಕಾಟಯ್ಯ ಗಿಳಿಯಾಗಿ, ಗಿಡುಗನಾಗಿ ಕೂಗಿ, ಕಡೆಗೆ ಭೀಮರಾಜನದೇ ಸಿಳ್ಳೆ ಹಾಕಿದ. ಮಂದದೃಷ್ಟಿಯ ಇನ್ಸ್‌ಪೆಕ್ಟರು ತಲೆದೂಗಿ, ಖಾಯಂ ಮಾಡಬಹುದೆಂದು ಬರೆಯತೊಡಗಿದರು.

ಅಷ್ಟರಲ್ಲಿ ಆ ಸಿಳ್ಳೆಗೆ ಕಿಟಕಿಯಿಂದ ಉತ್ತರ ಬಂತು. ಇನ್ನೊಂದು ಭೀಮರಾಜ ಅಲ್ಲಿ ಕೂತಿತ್ತು, ಗುಡ್ಡದಿಂದ ಜೋಡಿಯನ್ನು ಹುಡುಕಿಕೊಂಡು ಬಂದದ್ದು. ಪಂಜರದತ್ತ ಕತ್ತು ಚಾಚಿ ಮತ್ತೆ ಕರೆಯಿತು. ಕಾಟಯ್ಯನ ದನಿ ನಿಂತೇಹೋಯಿತು.

"ಭಲೆ, ಕಿಟಕಿ ಹಾಕ್ರೀ ಮೇಷ್ಟ್ರೇ. ಇದನ್ನೂ ಹಿಡಿಯಿರಿ, ಜೋಡಿ ನಾನೇ ಒಯ್ಯುತ್ತೇನೆ. ಈಗಲೇ ರುಜು ಹಾಕುತ್ತೇನೆ" ಎಂದರು ಇನ್ಸ್‌ಪೆಕ್ಟರು.

ಕಿಟಕಿ ಕೈಯಳತೆಯಲ್ಲೇ ಇತ್ತು. ಮೇಷ್ಟರು ಅದರ ಕದಕ್ಕೆ ಕೈ ಹಾಕಿದರು. ಆಮೇಲೆ ತಲೆಯ ರುಮಾಲು ತೆಗೆದು ಬೀಸಿ ಹಕ್ಕಿಯನ್ನು ಓಡಿಸಿಬಿಟ್ಟರು. ಬೀಸಿದ ರಭಸಕ್ಕೆ ಪಂಜರ ಮೇಜಿನ ಮೇಲೆಯೇ ಉರುಳಿತು. ದಾರ ಕಟ್ಟಿದ ಹಕ್ಕಿ ತಲೆಕೆಳಗಾಗಿ ಇನ್ಸ್‌ಪೆಕ್ಟರ ಮೂಗಿನ ಮುಂದೆಯೇ ತೂಗಾಡಿತು.

"ಸತ್ತು ಎಷ್ಟು ಹೊತ್ತಾಯಿತ್ರೀ?"

"ಬೆಳಗ್ಗೆ ಸ್ವಾಮಿ."

ಇನ್ಸ್‌ಪೆಕ್ಟರು ಬರೆದದ್ದರ ಮೇಲೆ ಉದ್ದಕ್ಕೆ ಗೀಟು ಎಳೆದರು. ಕೆಲಸ ಹೋಯಿತು, ಹಕ್ಕಿಯಾದರೂ ಉಳಿಯಿತಲ್ಲ ಎಂದು ಮೇಷ್ಟರು ಉಸಿರು ಬಿಟ್ಟರು.

ಓಡಿಸಿದ ಹಕ್ಕಿ ಸುತ್ತುಹಾಕಿ ಬಾಗಿಲಿಂದಲೇ ಒಳಗೆ ಬಂತು. ಉರುಳಿದ ಪಂಜರದ ಮೇಲೆ ಕೂತು ಒಳಗಿನದನ್ನು ಕರೆಯತೊಡಗಿತು. ಇನ್ಸ್‌ಪೆಕ್ಟರ ಜವಾನ ಗೊಲ್ಲಪ್ಪ ಮೆಲ್ಲಗೆ ಬಾಗಿಲು, ಕಿಟಕಿ ಎರಡೂ ಹಾಕಿದ.

"ಆ ರುಮಾಲು ಇತ್ತ ಕೊಡ್ರಿ ಮೇಷ್ಟ್ರೇ" ಎಂದ. "ಮ್ಯಾಲೆ ಹಾಕಿ ಹಿಡಿಯಾಕೆ ಚಲೋ ಐತೆ."