ಸಮುದ್ರದ ದಡದಲ್ಲೊಂದು ಸ್ವಂತ ಊರು

ರಜೆ ವಿಭಾಗದ ಗುಮಾಸ್ತನ ಮೇಜಿನ ಮುಂದೆ ದಿನಕ್ಕೊಂದು ಫಜೀತಿ ನಡೆಯದಿದ್ದರೆ ಅವನಿಗೆ ಉಂಡ ಅನ್ನ ಅರಗುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಆ ಗುಮಾಸ್ತ ನಾನಾಗಿದ್ದೆ. ನೌಕರರಲ್ಲಿ ಒಬ್ಬನಿಗೆ ಕಾಶಿ ನೋಡಬೇಕು, ಒಬ್ಬನಿಗೆ ಕಾಶ್ಮೀರ, ಇನ್ನೊಬ್ಬನಿಗೆ ತಾಜಮಹಲು. ನಮ್ಮ ನಿಯಮಕ್ಕೆ ಗೊತ್ತಿದ್ದದ್ದು ಒಂದೇ. ಎರಡು ವರ್ಷಕ್ಕೊಮ್ಮೆ ಕಾರ್ಖಾನೆಯವರು ರೈಲು ಖರ್ಚು ಕೊಟ್ಟು ನೌಕರನನ್ನು ಸಂಸಾರ ಸಮೇತ ಅವನ ಸ್ವಂತ ಊರಿಗೆ ಕಳಿಸುತ್ತಿದ್ದರು, ಬೇರೆಲ್ಲಿಗೂ ಇಲ್ಲ. ಹೀಗಾಗಿ ಜನ ತಮ್ಮ ಊರಿನ ಮೇಲೆಯೇ ಕೈಚಳಕ ತೋರಿಸತೊಡಗಿದರು. ಅದರಲ್ಲಿ ಅಬ್ಬಿಗೆರೆಯ ಒಬ್ಬ ಟರ್ನರನದೇ ಸಿಂಹಪಾಲು.

೧. ದೂರ ಎಷ್ಟು?

ಲೇತ್ ಯಂತ್ರದ ಮುಂದೆ ನಿಂತರೆ ಅಲುಗದ ಆಳು ಈ ಟರ್ನರ್. ಆದರೆ ಅವನಿಗೆ ಸಮುದ್ರ ನೋಡುವ ಹುಚ್ಚು. ಸಂಬಳವೆಲ್ಲ ತಾಯಿಯ ಕೈಗೆ ಹೋಗುತ್ತಿತ್ತು. ನೀರು ನೋಡುವುದಕ್ಕೆ ಗಂಟು ಬಿಚ್ಚುವವಳು ನಾನಲ್ಲ, ಕಾರ್ಖಾನೆಯವರು ಕಳಿಸಿದರೆ ಬೇಕಾದರೆ ಹೋಗೋಣ ಎಂದು ಆಕೆ ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರಂತೆ. ಪಾಪ, ಅವನ ಸಮುದ್ರ ನನ್ನ ಮೇಜಿನ ಮೇಲಿನ ಕಾಗದದಲ್ಲಿ ಸಿಕ್ಕಿಕೊಂಡಿತ್ತು.

ನಮೂನೆ ತುಂಬಿ ತಂದ. ಸ್ವಂತ ಊರು, ಅಬ್ಬಿಗೆರೆ. ಕಾರ್ಖಾನೆಯಿಂದ ದೂರ ಎಷ್ಟು ಎಂಬಲ್ಲಿ, 'ಸೈರನ್ ಕೇಳಿಸುತ್ತದೆ' ಎಂದು ಬರೆದಿದ್ದ. ದಿನಾ ಸಾಯಂಕಾಲ ಸೈಕಲ್ಲಿನಲ್ಲಿ ಊರಿಗೆ ಹೋಗುವವನಿಗೆ ರೈಲು ಖರ್ಚು ಹೇಗಪ್ಪ ಕೊಡಲಿ ಎಂದೆ. ಪಂಜಾಬಿನವರಿಗೆ ಪಂಜಾಬಿನವರೆಗೂ ಕೊಡುತ್ತೀರಲ್ಲ ಎಂದ. ಅವರ ಊರು ದೂರ, ನಿನ್ನದು ತೀರ ಹತ್ತಿರ ಎಂದೆ. ಅವನು ಕಿಟಕಿಯಾಚೆ ಮಷಿನ್ ಷಾಪಿನ ಕಡೆ ಕೈ ತೋರಿಸಿದ.

"ಅಲ್ಲಿದ್ದಿದ್ದು ನಮ್ಮ ಒಲ. ನಾವು ಇದ್ದಲ್ಲೇ ಇದ್ದೀವಿ. ಅತ್ರ ಬಂದೋರು ನೀವಲ್ವಾ ಸ್ವಾಮಿ?"

ನಿಯಮದ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಓದಿದೆ. ಕಾರ್ಖಾನೆಯೇ ಊರಿನ ಹತ್ತಿರಕ್ಕೆ ಬಂದರೆ ಏನು ಮಾಡಬೇಕೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

೨. ಅದಲು ಬದಲು

ಅದೇ ಷಾಪಿನಲ್ಲಿ ಕೇರಳದ ಅಲೆಪ್ಪಿಯ ಕಡೆಯ ಒಬ್ಬ ಫಿಟ್ಟರ್ ಇದ್ದ. ಮನೆಯ ಹಿತ್ತಿಲಿಗೇ ಸಮುದ್ರ. ಅವನಿಗೋ ಊರಿನ ಪ್ರಯಾಣವೆಂದರೆ ಜ್ವರ. ನಾಲ್ಕು ಮಕ್ಕಳು, ಹಾಸಿಗೆ ಸುರುಳಿ, ನೀರಿನ ಹೂಜಿ, ಇಷ್ಟನ್ನೂ ಹೊತ್ತು ರೈಲಿನಿಂದ ರೈಲಿಗೆ ಹಾರಬೇಕು. ಮಧ್ಯಾಹ್ನ ಊಟಕ್ಕೆ ಹೋಗಿ ಬರುವಂಥ ಊರು ಸಿಗಬಾರದಿತ್ತೇ ಎಂದು ಕೊರಗುತ್ತಿದ್ದ. ಟರ್ನರನ ಕಿವಿಗೆ ಇದು ಬಿದ್ದದ್ದೇ ತಡ, ಇಬ್ಬರೂ ಜೊತೆಯಾಗಿ ಅರ್ಜಿ ತಂದರು.

ಕ್ವಾರ್ಟರ್ಸಿನಲ್ಲಿ ಇಬ್ಬರು ಒಪ್ಪಿದರೆ ಮನೆ ಬದಲಾಯಿಸಿಕೊಳ್ಳಲು ಒಂದು ಅಚ್ಚಿನ ನಮೂನೆ ಇತ್ತು. ಇವರು ಅದನ್ನೇ ತೆಗೆದುಕೊಂಡು 'ಮನೆ' ಎಂದಿದ್ದ ಕಡೆಯೆಲ್ಲ ಹೊಡೆದುಹಾಕಿ 'ಊರು' ಎಂದು ಬರೆದಿದ್ದರು. ಕಾರಣ, ಪರಸ್ಪರ ಅನುಕೂಲ. ಇದು ಆಗುಹೋಗುವ ಮಾತಲ್ಲ ಎಂದು ನಾನು ಹೇಳಿದರೂ ಕೇಳದೆ, ಮೇಲಕ್ಕೆ ಕಳಿಸಿ ನೋಡಿ ಎಂದು ಪಟ್ಟು ಹಿಡಿದರು. ಕಳಿಸಿದೆ. ಊಟದ ಹೊತ್ತಿಗೆ ಸರಿಯಾಗಿ ಅದು ಸಾಹೇಬರ ಮೇಜಿಗೆ ಹೋಗಿರಬೇಕು. ಸಹಿ ಬಿದ್ದು ಬಂತು: 'ಮಂಜೂರು. ಹಳೆಯದಕ್ಕೆ ಸುಣ್ಣ ಬಳಿಸಿ, ಬೀಗದ ಕೈ ಒಪ್ಪಿಸಿದ ನಂತರ ಹೊಸದನ್ನು ವಹಿಸಿಕೊಳ್ಳತಕ್ಕದ್ದು.'

ಸುಣ್ಣ ಹೇಗೋ ಬಳಿಸಬಹುದು, ಇಡೀ ಅಬ್ಬಿಗೆರೆಗೆ ಬೀಗ ಎಲ್ಲಿಂದ ತರಲಿ ಎಂದು ಟರ್ನರ್ ನನ್ನನ್ನೇ ಕೇಳಿದ.

೩. ತವರು

ಎರಡೇ ದಿನಕ್ಕೆ ಸಾಹೇಬರಿಗೆ ತಪ್ಪು ತಿಳಿದು ಮಂಜೂರಾತಿ ರದ್ದಾಯಿತು. ಆದರೆ ನೌಕರಿಯಲ್ಲಿ ಒಂದೇ ಒಂದು ಸಲ ಸ್ವಂತ ಊರನ್ನು ಬದಲಾಯಿಸಿ ಬರೆಸಲು ಅವಕಾಶವಿತ್ತು. ಟರ್ನರ್ ಅದಕ್ಕೆ ಜೋತುಬಿದ್ದ. ತಾಯಿಯ ತವರು ಮದರಾಸು, ಸಮುದ್ರದ ದಡದ ಮೇಲೆಯೇ ಮನೆ ಎಂದು ಬರೆದುಕೊಟ್ಟ. ಆಕೆಯ ತವರು ಅಲ್ಲೇ ಪಕ್ಕದ ಚಿಕ್ಕಬಾಣಾವರ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ನಾನೂ ಸಮುದ್ರ ಕಂಡವನಲ್ಲ. ಅವನಾದರೂ ನೋಡಿ ಬರಲಿ ಎಂದು ನನಗೆ ನಿಜವಾಗಿ ಅನ್ನಿಸಿತ್ತು.

ಸಾಹೇಬರು ಈ ಸಲ ಹುಷಾರಾಗಿದ್ದರು. ತಾಯಿಯನ್ನೇ ಕರೆಸಿದರು. ಆಕೆ ಒಗೆದ ಸೀರೆಯುಟ್ಟು, ಸಾಹೇಬರಿಗೆಂದು ಮಡಿಲ ತುಂಬ ಅವರೆಕಾಯಿ ತುಂಬಿಕೊಂಡು ಬಂದರು. ತವರು ನೀರಿನ ಪಕ್ಕ ಅಂತ ಹೇಳಿದರೆ ಸಾಕು, ಊರ ಮುಂದೆ ಕೆರೆ ಇದೆಯಲ್ಲ, ಸುಳ್ಳೇನೂ ಆಗುವುದಿಲ್ಲ ಎಂದು ಮಗ ಬಾಗಿಲವರೆಗೂ ಪಾಠ ಹೇಳಿಕೊಟ್ಟ.

ತವರು ಸಮುದ್ರದ ಪಕ್ಕವೇ ಎಂದು ಸಾಹೇಬರು ಕೇಳಿದರು. ನೀರಿನ ಪಕ್ಕವೇ ಎಂದರು ಆಕೆ. ಚಿಕ್ಕಂದಿನಲ್ಲಿ ಅಲ್ಲಿ ಆಡಿದ್ದುಂಟೇ? ಈಜಿದ್ದೂ ಉಂಟು. ಸಾಹೇಬರಿಗೆ ಸಮಾಧಾನವಾಯಿತು. ಪೆನ್ನಿನ ಮುಚ್ಚಳ ತೆಗೆದರು. ಟರ್ನರನ ಮುಖ ಅರಳಿತು. ಸಹಿಗೆ ಮುಂಚೆ ಸುಮ್ಮನೆ ಸೌಜನ್ಯಕ್ಕೆಂದು, ಈಗ ನಿಮ್ಮ ಸಮುದ್ರ ಹೇಗಿದೆಯಮ್ಮ ಎಂದರು.

"ಎಲ್ಲಿ ಸ್ವಾಮಿ, ಈ ವರ್ಸ ಮಳೇನೇ ಇಲ್ಲ. ಅರ್ಧ ಒಣಗೋಗೈತೆ. ದನ ಇಳ್ದು ಮೇಯ್ತಾವೆ."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. ಬೈಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಮಳೆ ಬರಲಿ ಬಿಡಲಿ ಸಮುದ್ರ ಒಣಗುವುದಿಲ್ಲ ತಾಯಿ ಎಂದು ತಿಳಿಸಿ ಹೇಳಿ, ಅರ್ಜಿಯನ್ನು ವಾಪಸು ಕೊಟ್ಟರು.

ಹೊರಗೆ ಟರ್ನರ್ ಮೆಟ್ಟಿಲ ಮೇಲೆ ಕುಸಿದು ಕೂತ. ತಾಯಿ ಮಾತ್ರ ಮಗನ ಕಡೆ ನೋಡದೆ, ಸಾಹೇಬರು ಹೇಳಿದ್ದು ನಿಜವೇನಪ್ಪ ಎಂದು ನನ್ನನ್ನು ಕೇಳಿದರು. ಹೌದಂತಮ್ಮ, ಓದಿ ಬಲ್ಲೆ ಎಂದೆ. ಆಕೆ ಮಗನ ಭುಜ ತಟ್ಟಿದರು.

"ಮಳೆ ಇಲ್ದಿದ್ರೂ ಒಣಗಲ್ವಂತೆ ಕಣ್ಲಾ. ಅದೆಂಗೆ ಒಣಗಲ್ವೋ ನಾನೇ ನೋಡ್ಬೇಕು. ದುಡ್ಡು ನಾನ್ ಕೊಡ್ತೀನಿ, ಏಳು."

ಮಾರನೆಯ ದಿನ ಬೆಳಗ್ಗೆಯೇ ಅವನ ರಜೆ ಚೀಟಿ ಬಂತು. ನಾನು ಆ ಮೇಜಿನ ಹಿಂದೆ ಕೂತಷ್ಟು ವರ್ಷದಲ್ಲಿ ನಿಜವಾದ ಕಾರಣ ಬರೆದಿದ್ದ ಚೀಟಿ ಅದೊಂದೇ: 'ಸಾಹೇಬರು ಹೇಳಿದ್ದು ನಿಜವೋ ಸುಳ್ಳೋ ಎಂದು ತಾಯಿಯವರು ಮದರಾಸಿಗೆ ಹೋಗಿ ಪರೀಕ್ಷೆ ಮಾಡಬೇಕಾಗಿರುವುದರಿಂದ.'