ಊರವರ ಗೋಡೆಗೆ ನಮ್ಮ ಕಾಕಾನ ನೀರು

ನಮ್ಮ ಕಾಕಾನಿಗೆ ರಾಯಚೂರಿನಲ್ಲಿ ಎಷ್ಟು ಮನೆ ಇವೆ ಅಂತ ಯಾರಾದರೂ ಕೇಳಿದರೆ ನಾನು ಬೆರಳು ಮಡಚಿ ಎಣಿಸಲು ಶುರು ಮಾಡುತ್ತೇನೆ. ಕಾಗದದ ಪ್ರಕಾರ ಒಂದೂ ಇಲ್ಲ. ಆದರೆ ನಮ್ಮ ಬಡಾವಣೆಯಲ್ಲಿ ಗೋಡೆ ಕಟ್ಟುವ ಗೌಂಡಿಗಳು ಅವನನ್ನು ಮಾಲಕ ಅಂತ ತಿಳಿದು ನಮಸ್ಕಾರ ಮಾಡುತ್ತಾರೆ. ಮಾಲಕರು ಅವನನ್ನು ಕಂಟ್ರಾಕ್ಟರನ ಕಡೆಯವ ಅಂತ ತಿಳಿದು ದೂರು ಹೇಳುತ್ತಾರೆ. ಕೆಲವು ಕಂಟ್ರಾಕ್ಟರುಗಳಂತೂ ಯಾವುದೋ ಆಫೀಸಿನಿಂದ ತಪಾಸಣೆಗೆ ಬಂದವ ಅಂತ ತಿಳಿದು ಚಹಾ ತರಿಸುತ್ತಾರೆ! ಕಾಕಾ ಯಾರಿಗೂ ಹೌದು ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಚಹಾ ಬಂದಮೇಲೆ ಇಲ್ಲ ಅನ್ನುವುದಾದರೂ ಹೇಗೆ?

ಈ ಕಾಕಾ ನಮ್ಮಪ್ಪನ ತಮ್ಮ. ದೇವದುರ್ಗದಲ್ಲಿ ಡ್ರಿಲ್ ಮಾಸ್ತರ ಆಗಿದ್ದು ರಿಟೈರ್ ಆದವನು. ಮೈದಾನದ ಆ ತುದಿಯಲ್ಲಿ ಕದ್ದು ಕುಳಿತ ಹುಡುಗರನ್ನು ಈ ತುದಿಯಿಂದಲೇ ಎಬ್ಬಿಸುವಂಥ ದನಿ. ಮಕ್ಕಳಿಲ್ಲ. ಕಾಕಾ, ಚಿಗವ್ವ ಇಬ್ಬರೇ, ಮದುವೆಯಾದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದಾರೆ. ನಾನು ರಾಯಚೂರಿನ ಹೊರಗೆ, ಯರಗೇರಾ ರಸ್ತೆಯ ಕಡೆ ಮನೆ ಕಟ್ಟಿಸಲು ಶುರು ಮಾಡಿದಾಗ ನನಗೆ ಆಫೀಸು ಬಿಟ್ಟು ಬಂದು ನಿಲ್ಲಲು ಆಗುತ್ತಿರಲಿಲ್ಲ. ನಮ್ಮವರೇ ಒಬ್ಬರು ಇದ್ದರೆ ಚೆನ್ನಾಗಿತ್ತು ಅಂತ ಫೋನಿನಲ್ಲಿ ಬಾಯಿತಪ್ಪಿ ಅಂದೆ. ಅಷ್ಟೇ! ಮರುದಿನವೇ ಕಾಕಾ ಒಂದು ಚೀಲ, ಒಂದು ಛತ್ರಿ ಹಿಡಿದುಕೊಂಡು ಬಸ್ಸಿನಿಂದ ಇಳಿದ.

ಮನೆ ಕಟ್ಟುವುದರ ಬಗ್ಗೆ ಅವನಿಗೆ ಏನು ಗೊತ್ತಿತ್ತು ಅಂದಿರಾ? ಒಂದೇ ಒಂದು ವಿಷಯ.

"ಲೇ ತಮ್ಮಾ, ಸಿಮೆಂಟ್ ಗ್ವಾಡಿ ಅಂದ್ರ ಹಸಗೂಸು ಇದ್ದಂಗ. ನೀರು ಬೇಕಾಗಿರ್ತದ, ಆದ್ರ ಬಾಯಿಬಿಟ್ಟು ಕೇಳಂಗಿಲ್ಲ. ನಾವ ತಿಳಕೊಂಡು ಹೊಡೀಬೇಕು."

ಮಾತೇನೋ ಖರೆ. ನಮ್ಮೂರಿನ ಬಿಸಿಲಿಗೆ ಮುಂಜಾನೆ ಕಟ್ಟಿದ ಗೋಡೆ ಮಧ್ಯಾಹ್ನಕ್ಕೆ ಹಪ್ಪಳದಂತೆ ಕಟಕಟ ಅನ್ನುತ್ತದೆ. ಹಾಗಾಗಿ ಕಾಕಾನ ಕೈಗೆ ನೀರಿನ ಪೈಪು ಕೊಟ್ಟು ನಾನು ನಿಶ್ಚಿಂತೆಯಿಂದ ಆಫೀಸಿಗೆ ಹೋದೆ. ಸಂಜೆ ಬಂದು ನೋಡುತ್ತೇನೆ, ನಮ್ಮ ಗೋಡೆ ಒಣಗಿ ನಿಂತಿದೆ! ಬಾಜೂ ಜಾಗದ ಗೋಡೆ ತೊಪ್ಪೆಯಾಗಿ ತೋಯ್ದಿದೆ. ಅದರಾಚೆಯದೂ ತೋಯ್ದಿದೆ. ಎದುರಿನದೂ ತೋಯ್ದಿದೆ. ನಮ್ಮ ಪೈಪು ರಸ್ತೆ ದಾಟಿ ಹೋಗಿ ಎಲ್ಲೋ ಮಾಯವಾಗಿದೆ.

"ಕಾಕಾ, ನಮ್ಮ ಮನಿ ಇದು!"

"ಗೊತ್ತದ ಬಿಡು. ನಮ್ಮದಕ್ಕ ನಾನು ಅದೀನಿ. ಅವಕ್ಕ ಯಾರದಾರ?"

ಹೀಗೆ ಅಂದವನೇ ಅವನು ಪೈಪಿನ ತುದಿ ಹಿಡಿದು ಮುಂದಿನ ಮನೆಗೆ ಹೋದ.

ಒಂದು ದಿನ ಬಾಜೂ ಮನೆಯ ಮಾಲಕರು ಕಾರಿನಲ್ಲಿ ಬಂದಿಳಿದರು. ತಮ್ಮ ಮನೆಯ ಮಾಳಿಗೆಯ ಮೇಲೆ ಧೋತರ ಎತ್ತಿಕಟ್ಟಿ ನಿಂತ ಅಪರಿಚಿತನನ್ನು ನೋಡಿ ಅವರಿಗೆ ಗಾಬರಿಯಾಯಿತು.

"ಯಾರ್ರೀ ನೀವು?"

ಮೇಲಿಂದ ಕಾಕಾನ ಮೈದಾನದ ದನಿ ಬಂತು: "ನೀವ್ಯಾರ್ರೀ?"

"ನಾನು ಈ ಮನಿ ಮಾಲಕ ರೀ."

"ಮಾಲಕರೇನು? ಇಷ್ಟ ದಿನ ಎಲ್ಲಿ ಹೋಗಿದ್ರಿ? ಇಲ್ಲಿ ಗ್ವಾಡಿ ಬಾಯಾರಿ ಸಾಯಾಕತ್ತಾವ, ನೀವು ಕಾರಿನ್ಯಾಗ ತಂಪಾಗಿ ಅಡ್ಡಾಡಾಕತ್ತೀರಿ?"

ಪಾಪ, ಆ ಮನುಷ್ಯ ಕೈಮುಗಿದು, "ತಪ್ಪಾತು ರೀ, ನಾಳಿಯಿಂದ ದಿನಾ ಬರ್ತೀನಿ" ಅಂದುಬಿಟ್ಟರು! ತನ್ನ ಮನೆಗೆ ತಾನೇ ಹಾಜರಿ ಕೊಡುವುದಾಗಿ ಮಾತು ಕೊಟ್ಟ ಮಾಲಕನನ್ನು ನಾನು ಅವತ್ತೇ ಮೊದಲ ಸಲ ನೋಡಿದ್ದು.

ಇಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ಸಲ ಏಳುತ್ತಿದ್ದವು. ಅದೇ ಬೂದುಬಣ್ಣದ ಇಟ್ಟಿಗೆ, ಅದೇ ಮರಳಿನ ಗುಡ್ಡೆ, ಅದೇ ಬಾಗಿಲಿಲ್ಲದ ಬಾಗಿಲು. ನನಗೇ ಎಷ್ಟೋ ಸಲ ಗುರುತು ಸಿಗುತ್ತಿರಲಿಲ್ಲ. ನನ್ನ ಹೆಂಡತಿ ಸ್ವಲ್ಪ ಗಿಡ್ಡ. ಅಡುಗೆಮನೆಯ ಕಟ್ಟೆ ಕೆಳಗಿರಬೇಕು ಅಂತ ಅವಳು ಕಾಕಾನಿಗೆ ಮೂರ್ನಾಲ್ಕು ಸಲ ಹೇಳಿದ್ದಳು. ಕಾಕಾ ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಗೌಂಡಿಯ ತಲೆಯ ಮೇಲೆ ನಿಂತು, ಇಂಚು ಇಂಚು ಅಳೆಸಿ ಕಟ್ಟಿಸಿದ. ಸಂಜೆ ನಮ್ಮನ್ನು ಕರೆದು ಬಲು ಹೆಮ್ಮೆಯಿಂದ ತೋರಿಸಿದ. ಕಟ್ಟೆ ನನ್ನ ಹೆಂಡತಿಯ ಎದೆಯ ಮಟ್ಟಕ್ಕಿತ್ತು!

"ಯಾರು ಇದನ್ನ ಎತ್ತರ ಮಾಡಿದವರು?" ಅಂತ ಕಾಕಾ ಗೌಂಡಿಯನ್ನು ಗದರಿಸಿದ.

"ನಮಗೇನು ಗೊತ್ತು ರೀ? ಇಲ್ಲಿ ನೀವು ಬಂದೇ ಇಲ್ಲ. ನಾವು ದಿನಾ ಕಟ್ಟೋವಷ್ಟ ಕಟ್ಟೀವಿ."

ಹಾಗಾದರೆ ಕಾಕಾ ಕಟ್ಟಿಸಿದ ಕಟ್ಟೆ ಎಲ್ಲಿ ಹೋಯಿತು? ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತಾಗ ಬಾಜೂ ಮನೆಯ ಹೆಣ್ಣುಮಗಳು ನಗುನಗುತ್ತ ಬಂದಳು. ಅವಳೂ ಗಿಡ್ಡ.

"ಯಕ್ಕಾ, ಬಂದು ನೋಡ್ರಿ, ನಮ್ಮ ಅಡಗಿಮನಿ ಕಟ್ಟಿ! ನಾನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆದ್ರೂ ನನ್ನ ಅಳತಿಗೆ ಸರೀ ಕಟ್ಯಾರ. ಗೌಂಡಿಗೆ ಹ್ಯಾಂಗ ಗೊತ್ತಾತೋ ಏನೋ!"

ನನ್ನ ಹೆಂಡತಿ ಈಗಲೂ ಮಣೆ ಹಾಕಿಕೊಂಡು ಅದರ ಮೇಲೆ ನಿಂತೇ ರೊಟ್ಟಿ ಬಡಿಯುತ್ತಾಳೆ.

ಇಷ್ಟಾದರೂ ಯಾರಿಗೂ ಕಾಕಾ ಯಾರು ಅಂತ ಗೊತ್ತಾಗಿರಲಿಲ್ಲ. ಒಂದು ಭಾನುವಾರ ಬಾಜೂ ಮಾಲಕರು ಮತ್ತು ಅವರ ಕಂಟ್ರಾಕ್ಟರ್ ಇಬ್ಬರೂ ಎದುರುಬದುರಾದರು.

"ನಿಮ್ಮ ಮಾವನವರು ಭಾಳ ಖಡಕ್ ಮನಷ್ಯಾ ಬಿಡ್ರಿ," ಅಂದ ಕಂಟ್ರಾಕ್ಟರ್.

"ನಮ್ಮ ಮಾವ? ಅವರು ತೀರಿಹೋಗಿ ಭಾಳ ವರ್ಷ ಆತಲ್ಲರೀ! ಇಲ್ಲಿ ನೀರು ಹೊಡೆಯೋರು ನಿಮ್ಮ ಸೂಪರ್‌ವೈಸರ್ ಅಲ್ಲೇನು?"

ಇಬ್ಬರೂ ಬೆವರಿ, ನೇರ ನನ್ನ ಹತ್ತಿರ ಬಂದರು. ನಾನು ಏನು ಹೇಳಲಿ? ಅವರು ನಮ್ಮ ಕಾಕಾ ಅಂದೆ. "ಮತ್ತ ನಿಮ್ಮ ಮನ್ಯಾಗ ಅವರನ್ನ ಒಮ್ಮೆನೂ ನೋಡೇ ಇಲ್ಲಲ್ರೀ!" ಅಂದರು. ನಾನು ಇಬ್ಬರಿಗೂ ಚಹಾ ತರಿಸಿದೆ.

ಹೀಗಿರುವಾಗ ದೇವದುರ್ಗದಿಂದ ಚಿಗವ್ವ ಬಂದಳು. ಬಂದವಳು ನೀರು ಕೂಡ ಕುಡಿಯದೆ ನನ್ನ ಮುಂದೆ ಕುಳಿತಳು.

"ಯಪ್ಪಾ, ನೀನಾರ ಒಂದು ಮಾತು ಹೇಳು. ನಿಮ್ಮ ಕಾಕಾ ಕಂಡ ಕಂಡ ಮಂದಿ ಮನಿಗೆಲ್ಲ ನೀರು ಹೊಡೀತಾರ, ಮಾನ್ವ್ಯಾಗ ನಮ್ಮದೊಂದು ಜಾಗ ಅದ. ತಗೊಂಡು ಎಷ್ಟ ವರ್ಷ ಆತು! ಅಲ್ಲಿ ಒಂದು ಇಟ್ಟಂಗಿ ಇಟ್ಟಿಲ್ಲ. ಕಟ್ರಿ ಅಂದ್ರ, ಇರೋರು ಇಬ್ಬರು, ಇಬ್ಬರಿಗೆ ಮನಿ ಯಾಕ ಅಂತಾರ. ಇಬ್ಬರು ಅಂದ್ರ ಮಂದಿ ಅಲ್ಲೇನು?"

ಕಾಕಾನಿಗೆ ಸಿಟ್ಟು ಬಂತು.

"ಒಣ ಜಾಗ ಇಟ್ಟೀನಿ ಅಂತ ಮಾಡೀ ಏನು? ತಿಂಗಳಾ ಹೋಗಿ ಬರ್ತೀನಿ. ಜಾಲಿ ಕಡಿಸೀನಿ, ಬೇಲಿ ಹಾಕೀನಿ. ನುಗ್ಗಿ, ಕರಿಬೇವು, ಪೇರಲ ಹಚ್ಚೀನಿ. ಬಾಜೂ ಮನಿ ಟೀಚರಮ್ಮ ಗಿಡಕ್ಕ ನೀರು ಕೊಡ್ತಾಳ. ಆಕಿ ಮನಿ ಕಟ್ಟೋವಾಗ ಗ್ವಾಡಿಗೆ ನಾನ ನೀರು ಹೊಡದೀನಿ, ತಿಳೀತಾ?"

ಚಿಗವ್ವನ ಕಣ್ಣು ತುಂಬಿದ್ದವು. ಅದನ್ನು ನೋಡಿ ಕಾಕಾ ಮೆತ್ತಗಾದ. ಮರುದಿನವೇ ಮೂವರೂ ಮಾನ್ವಿಗೆ ಹೋಗಿ, ಅಳತೆ ಮಾಡಿ, ಪಾಯಕ್ಕೆ ಸುಣ್ಣದ ಗೆರೆ ಎಳೆದು ಬರುವುದು ಅಂತ ಠರಾವಾಯಿತು. ನಾನು ಜಾಗದ ಕಾಗದ, ಟೇಪು, ಒಂದು ಚೀಲ ಸುಣ್ಣ ತೆಗೆದುಕೊಂಡೆ.

ಮಾನ್ವಿಯಲ್ಲಿ ಬಸ್ಸಿಳಿದು ಚೀಕಲಪರ್ವಿ ರಸ್ತೆಯ ಕಡೆ ಆಟೋದಲ್ಲಿ ಹೋದೆವು. ಸುಳ್ಳು ಯಾಕೆ ಹೇಳಲಿ, ಕಾಕಾ ಜಾಗವನ್ನು ಬಹಳ ಚಂದ ಇಟ್ಟಿದ್ದ. ಸುತ್ತಲಿನ ಜಾಗಗಳಲ್ಲೆಲ್ಲ ಆಳೆತ್ತರದ ಜಾಲಿ. ಇದೊಂದರಲ್ಲಿ ಮಾತ್ರ ಗುಡಿಸಿದಂಥ ಎರೆಮಣ್ಣು, ಬೇಲಿಗುಂಟ ಕರಿಬೇವು, ಹೂ ಬಿಟ್ಟ ನುಗ್ಗೆ. ಬಾಜೂಕ್ಕೆ ಟೀಚರಮ್ಮನ ತಿಳಿಹಸಿರು ಬಣ್ಣದ ಪುಟ್ಟ ಮನೆ. ಚಿಗವ್ವ ಒಂದು ಎಲೆ ಕಿತ್ತು ಮೂಸಿ ನೋಡಿ, ಬಹಳ ದಿನಗಳ ಮೇಲೆ ನಕ್ಕಳು.

ನಾನು ರಸ್ತೆಯ ಮೂಲೆಯ ಕಲ್ಲಿನಿಂದ ಟೇಪು ಹಿಡಿಯುತ್ತ ಬಂದೆ. ಕಾಗದದಲ್ಲಿದ್ದ ಲೆಕ್ಕಕ್ಕೆ ಟೇಪು ಕಾಕಾನ ಬೇಲಿಯ ತನಕ ಬರಲೇ ಇಲ್ಲ.

"ಕಾಕಾ, ನಮ್ಮ ಜಾಗ ಆ ಮನಿಯಾಗ ಹೋಗಾಕತ್ತದ."

"ಟೇಪು ಸೊಟ್ಟ ಹಿಡದೀ. ಇನ್ನೊಮ್ಮೆ ಹಿಡಿ."

ಇನ್ನೊಮ್ಮೆ ಹಿಡಿದೆ.

"ಈಗ ಎಲ್ಲಿಗೆ ಬಂತು?"

"ಅವರ ಅಡಗಿಮನಿಗೆ."

"ಆ ಕಡಿಂದ ಹಿಡಿ."

ಆ ಕಡೆಯಿಂದ ಹಿಡಿದರೆ ಅವರ ಬಚ್ಚಲಕ್ಕೆ ಬಂತು! ಕಾಕಾ ಟೇಪು ಕಸಿದುಕೊಂಡು ತಾನೇ ಅಳೆದ. ಹೆಜ್ಜೆಯಲ್ಲಿ ಅಳೆದ. ಕಾಗದವನ್ನು ಬಿಸಿಲಿಗೆ ಹಿಡಿದು, ತಿರುಗಿಸಿ, ಮಗುಚಿ ನೋಡಿದ. ಕೊನೆಗೆ ಬೇಲಿಯ ಹತ್ತಿರ ಜಾಗದ ನಂಬರು ಬರೆದಿದ್ದ ಕಲ್ಲನ್ನು ಕಾಲಿನಿಂದ ತಳ್ಳಿದ. ಅದು ಹಾಲುಹಲ್ಲಿನಂತೆ ಅಲ್ಲಾಡಿತು. ಆಗ ನಮಗೆ ಒಂದೊಂದೇ ತಿಳಿಯತೊಡಗಿತು. ಯಾವಾಗಲೋ ರಸ್ತೆ ಸಮ ಮಾಡುವಾಗ ಜೆಸಿಬಿ ಈ ಕಲ್ಲುಗಳನ್ನು ಎಬ್ಬಿಸಿದೆ. ಯಾರೋ ಪುಣ್ಯಾತ್ಮರು ತೋಚಿದಲ್ಲಿ ಮತ್ತೆ ನೆಟ್ಟಿದ್ದಾರೆ. ಅದನ್ನು ನಂಬಿ ಕಾಕಾ ಟೀಚರಮ್ಮನ ಜಾಗದಲ್ಲಿ ತೋಟ ಮಾಡಿದ್ದಾನೆ, ಟೀಚರಮ್ಮ ಕಾಕಾನ ಜಾಗದಲ್ಲಿ ಮನೆ ಕಟ್ಟಿಸಿದ್ದಾಳೆ!

ಚಿಗವ್ವ ಸೆರಗು ಬಿಗಿದಳು.

"ನಮ್ಮ ಜಾಗದಾಗ ಮಂದಿ ಮನಿ ಕಟ್ಟೋವಾಗ, ಮುಂದ ನಿಂತು ಗ್ವಾಡಿಗೆ ನೀರು ಹೊಡದಾರ ನಮ್ಮ ಯಜಮಾನರು! ಯವ್ವಾ, ಇದನ್ನ ಯಾರ ಮುಂದ ಹೇಳ್ಕೊಳ್ಲಿ?"

ಗದ್ದಲ ಕೇಳಿ ಟೀಚರಮ್ಮ ಹೊರಗೆ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕಾಕಾನನ್ನು ನೋಡಿ ನಕ್ಕು "ಬರ್ರಿ ಸರ್" ಅಂದವಳು, ನಾನು ವಿಷಯ ಹೇಳಿದ ಮೇಲೆ ಒಳಗೆ ಓಡಿಹೋಗಿ ತನ್ನ ಕಾಗದ ತಂದಳು. ನಂಬರು ನೋಡಿದೆವು. ತೋಟದ ಜಾಗವೇ ಅವಳದು. ಅವಳು ಹಾಗೇ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಸರ್, ಈಗ ಮನಿ ಒಡಸ್ತೀರೇನ್ರಿ?"

ಕಾಕಾ ಕೈಯಲ್ಲಿದ್ದ ಟೇಪು ಕೆಳಗಿಟ್ಟ. ಅವಳ ಕಡೆ ನೋಡಿದ, ಚಿಗವ್ವನ ಕಡೆ ನೋಡಿದ, ಗೋಡೆಯ ಕಡೆ ನೋಡಿದ. "ನನಗ ಏನೂ ತಿಳಿವಲ್ದವ್ವಾ," ಅಂದ, ಕೇಳಿಸಿಯೂ ಕೇಳಿಸದಂತೆ.

ಚಿಗವ್ವ ಆ ಮನೆಯ ಬಾಗಿಲಿಗೆ ಹೋಗಿ ನಿಂತಳು. ಜಗಳಕ್ಕೆ ನಿಂತಳು ಅಂತಲೇ ನಾನು ತಿಳಿದಿದ್ದೆ. ಆದರೆ ಅವಳು ಚಪ್ಪಲಿ ಬಿಟ್ಟು, "ಒಳಗ ನೋಡಬೋದೇನವ್ವಾ?" ಅಂತ ಕೇಳಿದಳು.

ಟೀಚರಮ್ಮನ ಹಿಂದೆ ಚಿಗವ್ವ, ಚಿಗವ್ವನ ಹಿಂದೆ ನಾನು ಒಳಗೆ ಹೋದೆವು. ಚಿಗವ್ವ ಅಡುಗೆಮನೆ ನೋಡಿದಳು. ನಲ್ಲಿ ತಿರುವಿದಳು. ಕಿಟಕಿ ತೆರೆದು ಗಾಳಿ ಬರುತ್ತದೋ ಇಲ್ಲವೋ ಅಂತ ಮುಖ ಒಡ್ಡಿದಳು. ಪಡಸಾಲೆಗೆ ಬಂದು ನೆಲದ ಮೇಲೆ ಕುಳಿತು ಗೋಡೆಗೆ ಬೆನ್ನು ಕೊಟ್ಟಳು.

"ಯಾರ್ಯಾರು ಇರ್ತೀರಿ?"

"ನಾನೊಬ್ಬಾಕೇ ರೀ. ನಮ್ಮವ್ವಗ ಅಂತ ಮನಿ ಶುರು ಮಾಡಿದ್ದೆ. ಪಾಯ ಹಾಕೋದ್ರಾಗ ಆಕಿ ತೀರಿಕೊಂಡ್ಲು. ಕಟ್ಟೋದು ಬಿಟ್ಟುಬಿಡಬೇಕು ಅಂದಿದ್ದೆ. ಸರ್ ಬಂದು ಗ್ವಾಡಿಗೆ ನೀರು ಹೊಡಕೋಂತ ನನಗ ಬೈಯತಿದ್ರು, ಊಟ ಮಾಡಿದಿ ಏನು ಅಂತ ಕೇಳತಿದ್ರು. ಸರ್ ಬಂದ ದಿನ ಅಷ್ಟ ಇಲ್ಲಿ ಮನಷ್ಯಾರ ದನಿ ಕೇಳಸ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ಆದ್ರ ಬಾಗಿಲ ಕೂಡಿಸಿದ ಮ್ಯಾಲ ಒಮ್ಮೆನೂ ಒಳಗ ಬರಲಿಲ್ಲರಿ. ಎಷ್ಟು ಕರದ್ರೂ, ಮಂದಿ ಮನಿ ಅಂತ ಹೊರಗ ನಿಂತು ಚಹಾ ಕುಡದು ಹೋಗ್ತಾರ."

ಚಿಗವ್ವ ಆ ಹೆಣ್ಣುಮಗಳ ಕೈ ಹಿಡಿದು ತನ್ನ ಬಾಜೂಕ್ಕೆ ಕೂಡಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಕಾಗದ ಅದಲುಬದಲು ಮಾಡಿಸಿಬಿಡು ಯಪ್ಪಾ. ಈ ಜಾಗ ಈಕಿಗಿರಲಿ. ನಾವು ಬಾಜೂಕ್ಕ ಕಟ್ಟಿಸ್ತೀವಿ," ಅಂದಳು. ಜಗತ್ತಿನಲ್ಲಿ ಇದಕ್ಕಿಂತ ಸರಳವಾದದ್ದು ಏನೂ ಇಲ್ಲ ಅನ್ನುವ ಹಾಗೆ.

ಬಾಗಿಲಿನಾಚೆ ಬಿಸಿಲಿನಲ್ಲಿ ಕಾಕಾ ಒಬ್ಬನೇ ನಿಂತಿದ್ದ. ಚಿಗವ್ವ ಕುಳಿತಲ್ಲಿಂದಲೇ ಕೊರಳು ಚಾಚಿ ಕೂಗಿದಳು:

"ಯಾಕ ಹೊರಗ ನಿಂತ್ರಿ? ಒಳಗ ಬರ್ರಿ. ಮಂದಿ ಮನಿ ಅಲ್ಲ ಇದು."