ನಿಧಾನಪ್ಪನ ಮನೆಯ ಮೊಳೆ

ಜಗತ್ತಿನ ಇತಿಹಾಸ ಬರೆದವರು ಯುದ್ಧಗಳ ಬಗ್ಗೆ ಬರೆದರು, ರಾಜರ ಬಗ್ಗೆ ಬರೆದರು. ಮೊಳೆಯ ಬಗ್ಗೆ ಮಾತ್ರ ಯಾರೂ ಬರೆಯಲಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಮೊಳೆ ಇದ್ದದ್ದು ಪ್ಯಾಸೆಂಜರ್ ರೈಲಿನ ಹಿರಿಯ ಡ್ರೈವರನ ಮನೆಯ ಗೋಡೆಯಲ್ಲಿ. ಅವನನ್ನು ಎಲ್ಲರೂ ನಿಧಾನಪ್ಪ ಎನ್ನುತ್ತಿದ್ದರು. ಕೆಂಪು ದೀಪವನ್ನು ಒಮ್ಮೆಯೂ ಕಡೆಗಣಿಸದ ಡ್ರೈವರಿಗೆ ನಿವೃತ್ತಿಯ ದಿನ ಇಲಾಖೆ ಕಟ್ಟು ಹಾಕಿದ ಪ್ರಶಸ್ತಿಪತ್ರ ಕೊಡುತ್ತದೆ. ಮೂವತ್ತೊಂದು ವರ್ಷ ಕಳೆದಿತ್ತು, ಇನ್ನು ನಾಲ್ಕೇ ದಿನ. ಪ್ರಶಸ್ತಿಪತ್ರ ತೂಗುಹಾಕಲೆಂದು ಹೆಂಡತಿ ಪಕ್ಕದ ಮನೆಯಿಂದ ಸುತ್ತಿಗೆ ತಂದು ಮೊಳೆಯನ್ನು ಹೊಡೆದೇಬಿಟ್ಟಿದ್ದಳು. ಸುತ್ತಿಗೆ ಕೊಟ್ಟಾಕೆ ದಿನಾ ಇಣುಕಿ, “ಮೊಳೆ ಚೆನ್ನಾಗಿದೆ ಕಣ್ರೀ” ಎಂದು ಹೋಗುತ್ತಿದ್ದಳು.

ಆ ಬೆಳಗ್ಗೆ ಅವನ ಇಂಜಿನ್ನಿಗೆ ಹೊಸ ರಕ್ಷಣಾಯಂತ್ರ ಕೂರಿಸಿದರು. ಕೆಂಪು ದೀಪ ಕಂಡೂ ಡ್ರೈವರ್ ಬ್ರೇಕ್ ಹಾಕದಿದ್ದರೆ ಅದೇ ಹಾಕುತ್ತದೆ. ಫಿಟ್ಟರ್ ಕೊನೆಯ ಬೋಲ್ಟು ಬಿಗಿದ. ಪರೀಕ್ಷಿಸಲು ಇಸ್ತ್ರಿ ಮಾಡಿದ ಅಂಗಿಯ ಸಾಹೇಬರು ಹತ್ತಿದರು. ಖಾಲಿ ರೈಲು, ಮುಂದೆ ಕೆಂಪು ದೀಪ. ನಿಧಾನಪ್ಪ ಸುಮ್ಮನೆ ಕೂತರೆ ಸಾಕಿತ್ತು.

ದೀಪ ಕಂಡದ್ದೇ ತಡ, ಕರು ಕೆಚ್ಚಲಿಗೆ ಓಡುವ ಹಾಗೆ ಅವನ ಕೈ ಬ್ರೇಕಿಗೆ ಓಡಿತು. ರೈಲು ನಿಂತಿತು. ಯಂತ್ರಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ.

“ನೀವು ತಪ್ಪು ಮಾಡದೆ ಅದು ತಿದ್ದೋದು ಹೇಗ್ರೀ?” ಎಂದರು ಸಾಹೇಬರು.

ಎರಡನೇ ಸಲ ಕೈಕಟ್ಟಿ ಕೂತ. ಕಟ್ಟಿದ ಕೈ ತಾನೇ ಬಿಚ್ಚಿಕೊಂಡಿತು. ಸಲಹೆಗಳು ಶುರುವಾದವು. ಕಣ್ಣು ಮುಚ್ಚಿಕೊಳ್ಳಲು ಫಿಟ್ಟರ್ ಹೇಳಿದ. ಮನೆಯಲ್ಲಿ ಕೆಲಸಕ್ಕೆ ಕರೆದಾಗ ಕೂರುವ ಹಾಗೆ ಕೂತರಾಯಿತು ಎಂದ ಸಹಾಯಕ ಡ್ರೈವರ್. ದಾಖಲೆ ಕೆಟ್ಟೀತು ಎಂದು ನಿಧಾನಪ್ಪ ಗೊಣಗಿದ್ದಕ್ಕೆ ಸಾಹೇಬರು, “ನಾನಿದೀನಲ್ಲ” ಎಂದು ಬೆನ್ನು ತಟ್ಟಿದರು.

ಮೂರನೇ ಸಲ ಅವನು ತನ್ನೆರಡೂ ಕೈಗಳ ಮೇಲೆ ಕೂತ, ಕಾವಿಗೆ ಕೂತ ಕೋಳಿಯಂತೆ. ದೀಪ ಹತ್ತಿರ ಬಂತು, ಬೆವರಿಳಿಯಿತು, ಯಂತ್ರ ಕಿರುಚಿತು. ದೀಪಕ್ಕೆ ಹತ್ತು ಮಾರು ಹಿಂದೆ ರೈಲು ತಾನಾಗಿ ನಿಂತಿತು. ಸಾಹೇಬರು ಅಲ್ಲೇ ಫಿಟ್ಟರನ ಬೆನ್ನ ಮೇಲೆ ಕಾಗದವಿಟ್ಟು, ‘ಈ ಯಂತ್ರದ ವರದಿ ಎಂದೂ ತಪ್ಪಾಗದು’ ಎಂದು ಬರೆದು ಸಹಿ ಹಾಕಿದರು.

ಸಹಿ ಒಣಗುವ ಮೊದಲೇ ಯಂತ್ರ ಒಂದು ಚೀಟಿ ಕಕ್ಕಿತು: ‘ಡ್ರೈವರ್ ಕೆಂಪು ದೀಪ ಕಡೆಗಣಿಸಿದ್ದಾನೆ. ಕೇಂದ್ರ ಕಚೇರಿಗೆ ವರದಿ ರವಾನಿಸಲಾಗಿದೆ.’

“ಸಾರ್, ನೀವು ಹೇಳಿದ್ದಕ್ಕೆ ತಾನೆ ನಾನು ಕೂತಿದ್ದು. ಇದು ತಪ್ಪು ಅಂತ ಒಂದು ಸಾಲು ಬರ್ಕೊಡಿ.”

ಸಾಹೇಬರು ಚೀಟಿ ನೋಡಿದರು, ತಮ್ಮ ಸಹಿ ನೋಡಿದರು. “ಅದು ತಪ್ಪು ಮಾಡಲ್ಲ ಅಂತ ಈಗ ತಾನೇ ಬರ್ದಿದೀನಲ್ರೀ.”

“ಮತ್ತೆ, ಮೊದಲೆರಡು ಸಲ ನಾನೇ ನಿಲ್ಲಿಸಿದ್ದು?”

“ಸರಿಯಾಗಿ ಮಾಡಿದ್ದನ್ನ ಅದು ಬರ್ಕೊಳ್ಳಲ್ಲ, ಯಜಮಾನ್ರೇ” ಎಂದ ಫಿಟ್ಟರ್, ಬೆನ್ನು ನೇರ ಮಾಡಿಕೊಳ್ಳುತ್ತ.

ನಾಲ್ಕು ದಿನದ ಮೇಲೆ ಪ್ರಶಸ್ತಿಪತ್ರ ಬಂತು. ಯಂತ್ರವನ್ನು ಯಶಸ್ವಿಯಾಗಿ ಅಳವಡಿಸಿದ್ದಕ್ಕಾಗಿ, ಸಾಹೇಬರಿಗೆ. ಪಕ್ಕದ ಮನೆಯಾಕೆ ಸುತ್ತಿಗೆ ವಾಪಸು ತೆಗೆದುಕೊಂಡು ಹೋದಳು. ಮೊಳೆಯಲ್ಲಿ ಈಗ ಕೊಡೆ ನೇತಾಡುತ್ತಿದೆ.